ಮತ್ತೊಮ್ಮೆ ಹೋಗಿ ನೋಡಬಹುದಾದ ಹೊಳೆ

(ಮಲೆನಾಡಿನ ಹಳ್ಳಿಗರು ಹಾಗೂ ವಿದ್ಯಾರ್ಥಿಗಳು ಶಿವಮೊಗ್ಗದಲ್ಲಿ ಸೇರಿದ್ದ ಸಭೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ.)



ನಾನು ಭಾಷಣಕಾರನಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುವವನು. ಮಕ್ಕಳೊಡನೆ ಹೊಳೆಯ ದಂಡೆಯಲ್ಲಿ ಕಳೆದ ಒಂದು ದಿನದ ಅನುಭವವನ್ನು ನಿಮ್ಮ ಮುಂದಿಡಬೇಕೆಂದು ಈ ಸಭೆಯ ಗೆಳೆಯರು ಕೇಳಿದ್ದರಿಂದ ಬಂದಿದ್ದೇನೆ. ಆ ದಿನ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಏಕೆ ಇರಲಿಲ್ಲ ಎಂಬುದನ್ನು ಹೇಳುವುದೇ ನನ್ನ ಈ ಮಾತಿನ ಉದ್ದೇಶ.

ಪ್ರವಾಸದ ವಿಷಯವನ್ನು ಪೋಷಕರ ಸಭೆಯಲ್ಲಿ ತಿಳಿಸಿದಾಗ ಒಬ್ಬ ತಂದೆ ಎದ್ದು ನಿಂತು, "ಮೇಷ್ಟ್ರೇ, ಬೇರೆ ಶಾಲೆಯವರು ಮಕ್ಕಳನ್ನು ಅಮೆರಿಕಕ್ಕೆ, ನಾಸಾ ತೋರಿಸೋಕೆ ಕರ್ಕೊಂಡು ಹೋಗ್ತಾರೆ. ನೀವು ಭದ್ರಾವತಿಗೆ ಅಂತೀರಲ್ಲ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತಿನಲ್ಲಿ ಹುರುಳಿತ್ತು. ಈಚಿನ ವರ್ಷಗಳಲ್ಲಿ ವಿಜ್ಞಾನ ಪ್ರವಾಸವೆಂದರೆ ವಿಮಾನ ಹತ್ತುವುದು ಎಂಬ ಭಾವನೆ ನಗರಗಳಲ್ಲಿ ಬೆಳೆದಿದೆ. ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ನಿಂತು ಚಂದ್ರಯಾನದ ರಾಕೆಟ್ಟನ್ನು ಕಣ್ಣಾರೆ ನೋಡುವ ಮಗುವಿಗೆ ಆಗುವ ರೋಮಾಂಚನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಣವಿದ್ದವರು ಹೋಗಿ ಬರಲಿ. ಆದರೆ ಅಲ್ಲಿ ನೋಡಿದ್ದರ ಬಗ್ಗೆ ಸಂಶಯವೊಂದು ಮೂಡಿದರೆ, ಮುಂದಿನ ತಿಂಗಳು ಮತ್ತೆ ಹೋಗಿ ಪರೀಕ್ಷಿಸಲು ಆ ಮಗುವಿಗೆ ಸಾಧ್ಯವಿಲ್ಲ. ಒಮ್ಮೆ ಕಂಡದ್ದನ್ನು ಮತ್ತೆ ಹೋಗಿ ನೋಡುವುದು, ಮೊದಲಿನಂತೆಯೇ ಇದೆಯೇ ಎಂದು ಅಳೆಯುವುದು, ಬೇರೆಯಾಗಿದ್ದರೆ ಕಾರಣ ಹುಡುಕುವುದು, ಇವೇ ವಿಜ್ಞಾನದ ಮುಕ್ಕಾಲು ಪಾಲು. ಆ ಕೆಲಸಕ್ಕೆ ಊರ ಹೊಳೆಗಿಂತ ಒಳ್ಳೆಯ ಪ್ರಯೋಗಶಾಲೆ ನಮಗೆ ಸಿಗಲಾರದು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಹಳೆಯ ಪಾಠವೊಂದಿದೆ. 1908ರಲ್ಲಿ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ತರುಣ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಿಕೆಯ ಕೊಳೆರೋಗವನ್ನು ಅವರು ಅಭ್ಯಾಸ ಮಾಡಿ 1910ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಫ್ರಾನ್ಸ್‌ನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ನಮ್ಮ ಅಡಿಕೆ ಕೊನೆಗಳಿಗೆ ಬಂದದ್ದರಲ್ಲಿ ಅವರ ಪಾತ್ರ ದೊಡ್ಡದು. ವಿದೇಶದಿಂದ ಬಂದವರು ನಮ್ಮ ತೋಟದಲ್ಲಿ ಕಲಿತರು. ನಮ್ಮ ಮಕ್ಕಳು ತಮ್ಮ ತೋಟದ ಅಂಚಿನ ಹಳ್ಳದಲ್ಲಿ ಕಲಿಯುವುದು ಕೀಳಾದೀತೇ? ಪೋಷಕರಿಗೆ ನಾನು ಇಷ್ಟನ್ನೇ ಹೇಳಿದೆ. ಅಮೆರಿಕದ ಮಾತೆತ್ತಿದ ಆ ತಂದೆಯೇ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಜನವರಿ ತಿಂಗಳ ಒಂದು ಶನಿವಾರ ಬೆಳಗ್ಗೆ ಆರು ಗಂಟೆಗೆ ಮೂವತ್ತೆಂಟು ಮಕ್ಕಳು, ಮೂವರು ಶಿಕ್ಷಕರು ಶಿವಮೊಗ್ಗದಿಂದ ಹೊರಟೆವು. ಅರ್ಧದಷ್ಟು ಮಕ್ಕಳು ತೀರ್ಥಹಳ್ಳಿ ಕಡೆಯ ಹಳ್ಳಿಗಳವರು, ಹಾಸ್ಟೆಲಿನಲ್ಲಿದ್ದು ಓದುವವರು. ಉಳಿದವರು ಪೇಟೆಯವರು, ಕೆಲವರು ಭದ್ರಾವತಿಯಿಂದ ದಿನವೂ ಬಂದು ಹೋಗುವವರು. ಜೊತೆಗೆ ಹೋಗುವ ಶಿಕ್ಷಕನ ಮೊದಲ ಕೆಲಸ ತಲೆ ಎಣಿಸುವುದು. ಬಸ್ಸು ಹತ್ತುವಾಗ, ಇಳಿಯುವಾಗ, ನೀರಿನ ಬಳಿ ಹೋಗುವ ಮೊದಲು, ನೀರಿನಿಂದ ಹಿಂತಿರುಗಿದ ಮೇಲೆ. ಹೊಳೆ ನೋಡಲು ಶಾಂತವಾಗಿದ್ದರೂ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕ್ಷಣದಲ್ಲಿ ಏರುತ್ತದೆ. ಆದ್ದರಿಂದ ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು, ಇಳಿಯುವವರು ಹಗ್ಗ ಹಿಡಿದಿರಬೇಕು ಎಂದು ಕಟ್ಟುಪಾಡು ಮಾಡಿದ್ದೆವು. ನಿಮ್ಮ ಊರಿನಲ್ಲಿ ಇಂಥ ಕೆಲಸ ಮಾಡುವವರು ಈ ಮಾತನ್ನು ಮರೆಯಬೇಡಿ.

ಮೊದಲು ನಿಂತದ್ದು ಮಂಡಗದ್ದೆಯಲ್ಲಿ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಆ ನಡುಗಡ್ಡೆ ಜನವರಿಯಲ್ಲಿ ಬರಿದಾಗಿತ್ತು. ತುಂಗೆಯ ದಂಡೆಯಲ್ಲಿ ಒಂದು ಸೀಸೆ ನೀರು ತುಂಬಿಕೊಂಡು, ಹತ್ತಿರದಲ್ಲಿ ಹೊಳೆಗೆ ಸೇರುವ ಸಣ್ಣ ಹಳ್ಳವೊಂದಕ್ಕೆ ಇಳಿದೆವು. ಹಳ್ಳದ ಕಲ್ಲುಗಳನ್ನು ಮೆಲ್ಲನೆ ಎತ್ತಿ ಅಡಿಯನ್ನು ನೋಡಿ, ನೋಡಿದ ಮೇಲೆ ಇದ್ದ ಹಾಗೆಯೇ ಇಡಿ ಎಂದೆ. ಮೂರು ಬಾಲದ, ಹೊಟ್ಟೆಯ ಎರಡು ಬದಿಗೆ ಕಿವಿರುಗಳಿರುವ ಮೇಫ್ಲೈ ಮರಿಗಳು ಕಂಡವು. ಮರಳಿನ ಕಣಗಳನ್ನು ನೂಲಿನಿಂದ ಹೆಣೆದು ತನ್ನ ಮೈಗೆ ಕೊಳವೆ ಮಾಡಿಕೊಂಡು ಅದರೊಳಗೆ ವಾಸಿಸುವ ಕ್ಯಾಡಿಸ್ ಹುಳುವನ್ನು ಕಂಡು ಮಕ್ಕಳು ಕುಣಿದಾಡಿದರು. ಈ ಜೀವಿಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ತುಂಬಿದ, ಹರಿಯುವ, ತಂಪಾದ ನೀರು ಬೇಕು. ಅದು ಕೆಟ್ಟಾಗ ಮೊದಲು ಕಾಣೆಯಾಗುವವು ಇವೇ. ಆದ್ದರಿಂದ ಉಪಕರಣವಿಲ್ಲದ ಹಳ್ಳಿಯಲ್ಲಿಯೂ ಕಲ್ಲಿನ ಅಡಿಯನ್ನು ನೋಡಿ ನೀರಿನ ಆರೋಗ್ಯವನ್ನು ಒಂದು ಮಟ್ಟಿಗೆ ಊಹಿಸಬಹುದು.

ಸೀಸೆಯ ಪರೀಕ್ಷೆ ಇದಕ್ಕಿಂತ ತುಸು ಸೂಕ್ಷ್ಮವಾದದ್ದು. 1888ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಲಾಯೋಶ್ ವಿಂಕ್ಲರ್ ಎಂಬ ತರುಣ ರಸಾಯನಶಾಸ್ತ್ರಜ್ಞ ಕಂಡುಹಿಡಿದ ವಿಧಾನವಿದು. ಗಾಳಿಯ ಗುಳ್ಳೆ ಸೇರದಂತೆ ಸೀಸೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಅಯೊಡೈಡ್ ಬೆರೆತ ಕ್ಷಾರದ ದ್ರಾವಣವನ್ನು ಹಾಕಿದರೆ, ನೀರಿನಲ್ಲಿ ಆಮ್ಲಜನಕ ಇದ್ದಷ್ಟೂ ಗಾಢವಾದ ಕಂದು ಗಷ್ಟು ಇಳಿಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಆಮೇಲೆ ಆಮ್ಲ ಹಾಕಿ, ಗಂಜಿಯ ದ್ರಾವಣ ಬೆರೆಸಿ, ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟನ್ನು ಹನಿ ಹನಿಯಾಗಿ ಬಿಟ್ಟು ಲೆಕ್ಕ ಹಾಕಬೇಕು. ರಾಸಾಯನಿಕಗಳನ್ನೆಲ್ಲ ಹಾಕಿದವನು ನಾನೇ. ಹನಿ ಎಣಿಸಿದವರು ಮಕ್ಕಳು.

ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಕೆಲವು ಅಂಕಿಗಳು ಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರು ಗಾಳಿಯಿಂದ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ, ಸೋಂಕು ನಿವಾರಣೆ ಮಾತ್ರ ಮಾಡಿ ಕುಡಿಯಬಹುದಾದ ಮೂಲದಲ್ಲಿ 6, ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ 5, ಶುದ್ಧೀಕರಣ ಘಟಕದಲ್ಲಿ ಶೋಧಿಸಿ ಕುಡಿಯುವ ಮೂಲದಲ್ಲಿ 4 ಮಿಲಿಗ್ರಾಂ ಆದರೂ ಇರಬೇಕು.

ಎರಡನೆಯ ಸೀಸೆಯನ್ನು ತುಂಬಿದ್ದು ಶಿವಮೊಗ್ಗ ದಾಟಿದ ಮೇಲೆ, ಪೇಟೆಯ ಚರಂಡಿಯೊಂದು ತುಂಗೆಗೆ ಬೀಳುವ ಜಾಗದ ಕೆಳಗೆ. ಅಲ್ಲಿನ ಕೆಸರಿನಲ್ಲಿ ಮೇಫ್ಲೈ ಕಾಣಲಿಲ್ಲ, ಕೆಂಪು ಹುಳುಗಳು ಸಿಕ್ಕವು. ನಮ್ಮ ರಕ್ತದಲ್ಲಿರುವಂಥ ಹೀಮೊಗ್ಲೋಬಿನ್ ಅವುಗಳ ಮೈಯಲ್ಲಿಯೂ ಇರುವುದರಿಂದ ಆಮ್ಲಜನಕ ಕಡಿಮೆಯಿದ್ದಲ್ಲಿಯೂ ಅವು ಬದುಕಬಲ್ಲವು. ಸೀಸೆಯ ಗಷ್ಟು ಬೆಳಗಿನದಕ್ಕಿಂತ ತೆಳುವಾಗಿತ್ತು. ಮಲೆನಾಡ ಹಳ್ಳಿಗಳ ಹುಡುಗರು ಪೇಟೆಯವರ ಕಡೆ ನೋಡಿ, "ನೋಡ್ರೋ, ನಮ್ಮ ನೀರು ಹೇಗಿತ್ತು, ನೀವು ಏನು ಮಾಡಿದೀರಿ!" ಎಂದು ಹಂಗಿಸಿದರು. ಆಗ ಪೇಟೆಯ ಹುಡುಗನೊಬ್ಬ, "ಸರ್, ನಿಮ್ಮ ಪರೀಕ್ಷೆಯಲ್ಲಿ ಇವರ ತೋಟದ ಔಷಧಿ ಗೊತ್ತಾಗುತ್ತಾ?" ಎಂದು ಕೇಳಿದ.

ಗೊತ್ತಾಗುವುದಿಲ್ಲ. ನಾನು ಹಾಗೆಯೇ ಹೇಳಿದೆ. ಆಮ್ಲಜನಕದ ಪರೀಕ್ಷೆ ಚರಂಡಿಯನ್ನು ಹಿಡಿಯುತ್ತದೆ. ತೋಟದಿಂದ ಮಳೆಯ ಜೊತೆ ಹರಿದು ಬರುವ ತಾಮ್ರವನ್ನು ಹಿಡಿಯುವುದಿಲ್ಲ, ಶುಂಠಿ ಹೊಲಕ್ಕೆ ಸುರಿದ ಕೀಟನಾಶಕವನ್ನೂ ಹಿಡಿಯುವುದಿಲ್ಲ. ಕೋಲ್‌ಮನ್ನರ ಕಾಲದಿಂದ ನಮ್ಮ ಅಡಿಕೆಯನ್ನು ಉಳಿಸಿದ ತಾಮ್ರವೇ ಅಳತೆ ಮೀರಿ ನೀರಿಗೆ ಸೇರಿದರೆ ಮೀನಿಗೂ ಹುಳುವಿಗೂ ವಿಷ. ಮೇಲಿನ ಹಳ್ಳಿಯವರು ಕೆಳಗಿನ ಪೇಟೆಯವರನ್ನು ದೂಷಿಸುವ ಮೊದಲು ತಮ್ಮ ಹಳ್ಳಕ್ಕೆ ಬೇರೆಯದೇ ಪರೀಕ್ಷೆ ಬೇಕೆಂಬುದನ್ನು ತಿಳಿದಿರಬೇಕು. ಈ ಸಭೆಯಲ್ಲಿ ನಮ್ಮಂಥ ತೋಟದವರೇ ಹೆಚ್ಚಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಅಲ್ಲಿಂದ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಗೆ ಬಂದೆವು. ಊರ ನಡುವೆ ಭದ್ರೆ ಹರಿಯುತ್ತಾಳೆ. ಹೊಳೆಯ ದಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ, ಊಟ ಮಾಡುತ್ತ ನಾನು ಮಕ್ಕಳಿಗೆ ಊರಿನ ಕಥೆ ಹೇಳಿದೆ. ಹಿಂದೆ ಬೆಂಕಿಪುರವೆಂದು ಹೆಸರಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಕಬ್ಬಿಣದ ಕಾರ್ಖಾನೆ ಹುಟ್ಟಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಅದನ್ನು ಕರಗಿಸಲು ಬೇಕಾದ ಇದ್ದಿಲು ಮಲೆನಾಡಿನ ಕಾಡಿನಿಂದ ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಹಳ್ಳಿಯಲ್ಲಿ ಭೂಮಿಯಿಲ್ಲದ ಎಷ್ಟೋ ಮನೆಗಳಿಗೆ ಈ ಎರಡು ಕಾರ್ಖಾನೆಗಳು ತಿಂಗಳ ಸಂಬಳ, ಇರಲು ಮನೆ, ಮಕ್ಕಳಿಗೆ ಶಾಲೆ, ಕಾಯಿಲೆಗೆ ಆಸ್ಪತ್ರೆ ಕೊಟ್ಟವು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸದ ಒಂದು ಭಾಗ ಮತ್ತೆ ಆರಂಭವಾಯಿತು.

ಭದ್ರೆಯ ನೀರಿನ ಸೀಸೆಗೆ ದ್ರಾವಣ ಹಾಕಿದೆವು. ಕಂದು ಗಷ್ಟು ಇಳಿಯಿತು. ಪೇಟೆಯ ಕೆಳಗಿನ ತುಂಗೆಯದಕ್ಕಿಂತ ಗಾಢವಾಗಿದೆ ಎಂದು ಕೆಲವರು, ಇಲ್ಲ ಅಷ್ಟೇ ಇದೆ ಎಂದು ಕೆಲವರು ವಾದಿಸುತ್ತಿದ್ದಾಗ, ಭದ್ರಾವತಿಯ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಮೆಲುದನಿಯಲ್ಲಿ ಕೇಳಿದಳು: "ಸರ್, ಕಾಗದದ ಫ್ಯಾಕ್ಟರಿ ನಿಂತ ಮೇಲೆ ಹೊಳೆ ಚೆನ್ನಾಗಾಯ್ತಾ? ನಮ್ಮಪ್ಪ ಅಲ್ಲೇ ಕೆಲಸದಲ್ಲಿದ್ದರು. ಈಗ ಗುತ್ತಿಗೆ ಕೆಲಸಕ್ಕೆ ಹೋಗ್ತಾರೆ. ಹೊಳೆ ಚೆನ್ನಾಗಿದ್ರೆ ನಾವು ಖುಷಿ ಪಡಬೇಕಾ?"

ಬಂಧುಗಳೇ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನಾನು ಆ ಹೊತ್ತು ಸುಮ್ಮನೆ ನಿಂತೆ. ಪರಿಸರದ ಪರವಾಗಿ ಮಾತನಾಡುವವನಾಗಿ "ಹೌದಮ್ಮ, ಚೆನ್ನಾಗಾಯಿತು" ಎನ್ನುವುದು ಸುಲಭವಿತ್ತು. ಅವಳ ಮುಖ ನೋಡಿ "ಹಾಗೇನಿಲ್ಲಮ್ಮ" ಎನ್ನುವುದೂ ಸುಲಭವಿತ್ತು. ಎರಡೂ ಸುಳ್ಳಾಗುತ್ತಿದ್ದವು. ಏಕೆಂದರೆ ನನ್ನ ಕೈಯಲ್ಲಿದ್ದದ್ದು ಆ ಒಂದು ದಿನದ, ಒಂದು ಗಂಟೆಯ, ಒಂದು ಸೀಸೆ ನೀರು. ಕಾಗದ ತಯಾರಿಕೆಯ ತ್ಯಾಜ್ಯನೀರನ್ನು ಶುದ್ಧಿ ಮಾಡದೆ ಹೊಳೆಗೆ ಬಿಟ್ಟರೆ, ಅದರಲ್ಲಿರುವ ಮರದ ಅಂಶಗಳು ಕೊಳೆಯುವಾಗ ಆಮ್ಲಜನಕ ಕಡಿಮೆಯಾಗುತ್ತದೆಂಬ ಪುಸ್ತಕದ ಮಾತು ನನಗೆ ಗೊತ್ತಿತ್ತು. ಆದರೆ ಅದೇ ಜಾಗದಲ್ಲಿ, ಅದೇ ತಿಂಗಳಿನಲ್ಲಿ, 2015ಕ್ಕೆ ಮೊದಲು ನಾವು ಅಳೆದ ಅಂಕಿ ಬೇಕಿತ್ತು. ನಮ್ಮ ಶಾಲೆ ಆಗಲೂ ಇತ್ತು. ನಾನೂ ಇದ್ದೆ. ಪ್ರಯೋಗಾಲಯದ ಕಪಾಟಿನಲ್ಲಿ ಮ್ಯಾಂಗನೀಸ್ ಸಲ್ಫೇಟೂ ಇತ್ತು. ಆ ವರ್ಷಗಳಲ್ಲಿ ಮಕ್ಕಳಿಗೆ ಈ ಪರೀಕ್ಷೆಯ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಇಪ್ಪತ್ತು ಕಿಲೋಮೀಟರ್ ದೂರದ ಹೊಳೆಗೆ ಹೋಗಿ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರೆ ಆ ಹುಡುಗಿಗೆ ಉತ್ತರ ಕೊಡಬಹುದಿತ್ತು. ತಪ್ಪು ನನ್ನದು.

ಅವಳಿಗೆ ನಾನು ಹೇಳಿದ್ದು ಮೂರು ಮಾತು. ಮೊದಲನೆಯದು, "ನನಗೆ ಗೊತ್ತಿಲ್ಲಮ್ಮ, ಆದರೆ ಇವತ್ತಿನಿಂದ ಅಳೆದರೆ ಮುಂದೆ ಯಾರಾದರೂ ಕೇಳಿದಾಗ ನೀನು ಹೇಳಬಹುದು." ಎರಡನೆಯದು, ಹೊಳೆ ಮತ್ತು ಅಪ್ಪನ ಕೆಲಸ ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ನಿನಗೆ ಯಾರೂ ಹೇಳಬಾರದು. ತ್ಯಾಜ್ಯನೀರನ್ನು ಶುದ್ಧ ಮಾಡಿ ಬಿಡುವ ವಿದ್ಯೆ ಜಗತ್ತಿನಲ್ಲಿದೆ. ನಮ್ಮಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ 1974ರಿಂದಲೇ ಇದೆ. ಹೊಳೆಯನ್ನೂ ಕೂಲಿಯನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕೆಂದು ಕೇಳುವ ಹಕ್ಕು ನಿನ್ನದು. ಮೂರನೆಯದು, ಒಂದು ಕಾರ್ಖಾನೆ ನಿಂತ ಮಾತ್ರಕ್ಕೆ ಅದರ ಲೆಕ್ಕ ಮುಗಿಯುವುದಿಲ್ಲ. ಕಾಗದಕ್ಕಾಗಿ ನಮ್ಮ ಗುಡ್ಡಗಳ ಮೇಲೆ ನೆಟ್ಟ ಅಕೇಶಿಯಾ, ಯಂತ್ರಗಳು ಸ್ತಬ್ಧವಾದ ಮೇಲೂ ಅಲ್ಲಿಯೇ ನಿಂತಿತ್ತು. ಆ ನೆಡುತೋಪುಗಳ ಗುತ್ತಿಗೆಯನ್ನು ಮುಂದುವರಿಸುವ ಸರ್ಕಾರದ ನಿರ್ಧಾರದ ವಿರುದ್ಧ 2020ರಲ್ಲಿ ಮಲೆನಾಡಿನ ಜನ ದನಿಯೆತ್ತಿದ್ದನ್ನು ಇಲ್ಲಿರುವ ಅನೇಕರು ಬಲ್ಲಿರಿ. ಹೊಳೆಯನ್ನು ಓದಬೇಕಾದರೆ ಗುಡ್ಡವನ್ನೂ ಓದಬೇಕು.

ಸಂಜೆ ಹೊಳೆಹೊನ್ನೂರಿನ ಮೂಲಕ ಕೂಡಲಿಗೆ ಹೋದೆವು. ಗಂಗಾಮೂಲದ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದ ತುಂಗೆ ಮತ್ತು ಭದ್ರೆ ಅಲ್ಲಿ ಸೇರಿ ತುಂಗಭದ್ರೆಯಾಗುತ್ತಾರೆ. ಮಂಡಗದ್ದೆಯ ಹಳ್ಳ, ಶಿವಮೊಗ್ಗದ ಚರಂಡಿ, ಭದ್ರಾವತಿಯ ಕಾರ್ಖಾನೆಗಳ ದಂಡೆ, ಎಲ್ಲವೂ ಅಲ್ಲಿ ಒಂದೇ ನೀರು. ಮುಂದೆ ಹರಿಹರ, ಹೊಸಪೇಟೆ, ಕೊನೆಗೆ ಕೃಷ್ಣೆ. ಸಂಗಮದ ಮೆಟ್ಟಿಲುಗಳ ಮೇಲೆ ಕುಳಿತು ನಾಲ್ಕನೆಯ ಸೀಸೆಯ ಹನಿ ಎಣಿಸಿದೆವು. ಬೆಳಿಗ್ಗೆ ಹಂಗಿಸಿದ್ದ ಹುಡುಗರು ಸುಮ್ಮನಾಗಿದ್ದರು. ಅವರ ಪೈಕಿ ಒಬ್ಬ, "ಸರ್, ಇಲ್ಲಿ ನೀರು ಕುಡಿಯುವವರು ನಮ್ಮೂರನ್ನು ಬೈಯಬಹುದಲ್ವಾ?" ಎಂದ.

ಆ ದಿನದ ಅಂಕಿಗಳನ್ನು ನಾನು ಇಲ್ಲಿ ಓದಿ ಹೇಳುತ್ತಿಲ್ಲ. ಒಂದು ದಿನದ ಅಂಕಿಯನ್ನು ಸಭೆಯಲ್ಲಿ ಹೇಳಿದರೆ ಅದು ತೀರ್ಪಾಗಿಬಿಡುತ್ತದೆ. ನೀರಿನ ಆಮ್ಲಜನಕ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ನಾವು ಮಂಡಗದ್ದೆಯನ್ನು ಬೆಳಿಗ್ಗೆಯೂ ಭದ್ರಾವತಿಯನ್ನು ಮಧ್ಯಾಹ್ನವೂ ಅಳೆದದ್ದರಿಂದ ಅವೆರಡನ್ನು ನೇರವಾಗಿ ಹೋಲಿಸುವುದೇ ಸರಿಯಲ್ಲವೆಂದು ಹಿಂತಿರುಗುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿಯೇ ತೋರಿಸಿಕೊಟ್ಟಳು. ನನಗೆ ಆ ದಿನದ ಅತ್ಯಂತ ಸಂತೋಷದ ಗಳಿಗೆ ಅದು. ಮಕ್ಕಳು ತಮ್ಮ ಪ್ರಯೋಗದ ತಪ್ಪನ್ನು ತಾವೇ ಕಂಡುಕೊಂಡಿದ್ದರು. ಮತ್ತೆ ಹೋಗಬೇಕೆಂಬ ತೀರ್ಮಾನವೂ ಬಸ್ಸಿನಲ್ಲಿಯೇ ಆಯಿತು.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಪ್ರತಿ ಹಳ್ಳಿಯ ಶಾಲೆಯಲ್ಲಿ ಒಂದು ಹೊಳೆಯ ಪುಸ್ತಕವಿರಲಿ. ಒಂದೇ ಜಾಗವನ್ನು ಗೊತ್ತು ಮಾಡಿಕೊಳ್ಳಿ. ತಿಂಗಳಿಗೊಮ್ಮೆ, ಅದೇ ವಾರದಲ್ಲಿ, ಅದೇ ಗಂಟೆಗೆ ಹೋಗಿ. ನೀರಿನ ಉಷ್ಣತೆ, ಬಣ್ಣ, ವಾಸನೆ, ಹರಿವು, ಕಲ್ಲಿನ ಅಡಿಯ ಜೀವಿಗಳು, ದಂಡೆಯಲ್ಲಿ ಆ ವಾರ ಏನು ಸಿಂಪಡಿಸಿದರು, ಮಳೆ ಯಾವಾಗ ಬಂತು, ಇಷ್ಟನ್ನು ಬರೆಯಿರಿ. ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಅಳೆಯಲಿ. ವ್ಯತ್ಯಾಸ ಬಂದರೆ ಎರಡನ್ನೂ ಬರೆಯಲಿ. ಕಾಣದಿದ್ದದ್ದನ್ನೂ "ಕಾಣಲಿಲ್ಲ" ಎಂದು ಬರೆಯಬೇಕು; ಮೇಫ್ಲೈ ಇಲ್ಲದ ತಿಂಗಳು ಯಾವುದೆಂಬುದೇ ಮುಂದೆ ಬೆಲೆಯುಳ್ಳ ಮಾತಾದೀತು. ರಾಸಾಯನಿಕ ಪರೀಕ್ಷೆಗೆ ಹತ್ತಿರದ ಕಾಲೇಜಿನ ನೆರವು ಕೇಳಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗವೇ ಇದೆ. ಹೊಳೆಗಳ ಬಗ್ಗೆ ಸರ್ಕಾರದ ಮಂಡಳಿಯೂ ಅಳತೆ ಮಾಡಿಸುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅದನ್ನು ಕೇಳಿ ಪಡೆದು, ನಿಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಹೆದರಿಕೆ ಹುಟ್ಟಿಸುವ ಅಂಕಿ ಸಿಕ್ಕರೆ ಪತ್ರಿಕೆಗೆ ಓಡುವ ಮೊದಲು ಮತ್ತೊಮ್ಮೆ ಹೋಗಿ ಅಳೆಯಿರಿ. ಮತ್ತೆಯೂ ಅದೇ ಬಂದರೆ ಪಂಚಾಯಿತಿಯ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಓದಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ನಿಜವಾಗಿಯೂ ವಿದೇಶಕ್ಕೆ ಹೋಗುತ್ತೀರಿ. ದೊಡ್ಡ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುತ್ತೀರಿ. ಹೋಗಬೇಕು. ಆಗ ನಿಮ್ಮ ಪೆಟ್ಟಿಗೆಯಲ್ಲಿ ಊರ ಹೊಳೆಯ ಪುಸ್ತಕದ ಪ್ರತಿಯೊಂದಿರಲಿ. ನಿಮ್ಮ ನಂತರ ಅದನ್ನು ಬರೆಯುವ ತಮ್ಮ ತಂಗಿಯರಿಗೆ ಪತ್ರ ಬರೆದು, ಈ ತಿಂಗಳ ಅಂಕಿ ಏನಾಯಿತೆಂದು ಕೇಳುತ್ತಿರಿ.

ನಮ್ಮ ಪುಸ್ತಕದಲ್ಲಿ ಈಗ ಹನ್ನೊಂದು ತಿಂಗಳ ಬರಹವಿದೆ. ಆಗಸ್ಟಿನ ಪುಟ ಖಾಲಿ. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಮಕ್ಕಳನ್ನು ಕರೆದೊಯ್ಯಲಿಲ್ಲ, "ನೆರೆ, ಹೋಗಲಿಲ್ಲ" ಎಂದು ಬರೆದಿದ್ದೇವೆ. ಭದ್ರಾವತಿಯ ಪುಟಗಳನ್ನು ಬರೆಯುವವಳು ಅದೇ ಹುಡುಗಿ. ಕಳೆದ ಬಾರಿ ಅವಳ ತಂದೆಯೂ ದಂಡೆಗೆ ಬಂದಿದ್ದರು. ಸೀಸೆಗೆ ಗುಳ್ಳೆ ಸೇರದಂತೆ ನೀರು ತುಂಬುವುದು ಹೇಗೆಂದು ಮಗಳು ಹೇಳಿಕೊಡುತ್ತಿದ್ದಳು. ಅವರು ಅದನ್ನು ನನಗಿಂತ ಅಚ್ಚುಕಟ್ಟಾಗಿ ಮಾಡಿದರು. ಮುಂದಿನ ಅಳತೆ ಬರುವ ತಿಂಗಳ ಮೊದಲ ಶನಿವಾರ. ಬಿಡುವಿದ್ದವರು ಬನ್ನಿ.